ಆಟಗಾರನಿಂದ ಕೋಚ್ ಆದ ಅಮೋಸ್ ಸ್ಟ್ಯಾಗ್: ಬಿಪಿಎಡ್ ಸೆಮಿನಾರ್ ಮತ್ತು ಮೈದಾನದ ಪ್ರಾತ್ಯಕ್ಷಿಕೆಗೆ ಸಹಾಯ ಬೇಕು

ಎರಿನೆಲ_ವಿಜಯಪುರ (ಪ್ರಶ್ನೆ)

ನಮಸ್ಕಾರ ರೀ ಎಲ್ಲರಿಗೂ. ಬಿಪಿಎಡ್ (ದೈಹಿಕ ಶಿಕ್ಷಣ ಪದವಿ) ಇತಿಹಾಸ ಪತ್ರಿಕೆಗೆ ಸೆಮಿನಾರ್ ವಿಷಯ ಅಮೋಸ್ ಅಲೊಂಜೊ ಸ್ಟ್ಯಾಗ್. ಅಮೆರಿಕದ ಕಾಲೇಜು ಫುಟ್‌ಬಾಲ್ ಇನ್ನೂ ಕಣ್ಣು ಬಿಡೋ ಕಾಲದಾಗ ಆಡಿ, ಆಮೇಲೆ ಕೋಚ್ ಆದವರು. ಒಳಗ 15 ನಿಮಿಷ ಮಾತು, ಹೊರಗ 20 ನಿಮಿಷ ಪ್ರಾತ್ಯಕ್ಷಿಕೆ.

ನನ್ನ ಪ್ರಶ್ನೆ ನಾಲ್ಕು.

ಒಂದು, ಅವರ ವೃತ್ತಿಯ ಇಸವಿಗಳು ಒಂದಕ್ಕೊಂದು ತಾಳೆ ಆಗವಲ್ಲವು. ಗೆಲುವಿನ ಲೆಕ್ಕನೂ ಒಂದೊಂದು ಕಡೆ ಒಂದೊಂದು ಅದ.

ಎರಡು, ಆಡಿ ಮುಗಿಸಿದವ ಕೋಚ್ ಆದ ಅನ್ನೋದರಾಗ ಅಂಥಾ ವಿಶೇಷ ಏನದ? ಇವತ್ತು ಎಲ್ಲಾರೂ ಹಂಗೇ ಆಗ್ತಾರಲ್ಲ.

ಮೂರು, ಮೈದಾನ ಎರಿ ನೆಲ. ಒಂದು ರಗ್ಬಿ ಚೆಂಡು ಸಿಕ್ಕದ. 14 ಮಂದಿ ಬರ್ತಾರ, ಅದರಾಗ ಆರು ಮಂದಿ ಕಬಡ್ಡಿ ಆಟಗಾರ್ತಿಯರು. ಹೆಂಗ ಗೆರೆ ಹಾಕಬೇಕು, ಏನು ತೋರಿಸಬೇಕು?

ನಾಲ್ಕು, ನಮ್ಮ ದೇಶದ ದೈಹಿಕ ಶಿಕ್ಷಣಕ್ಕೂ ಈ ಮನುಷ್ಯಾಗೂ ಏನರ ಸಂಬಂಧ ಅದ ಏನು? ಅದನ್ನ ಕೇಳೇ ಕೇಳ್ತಾರ.

ಹಳೇ_ಸ್ಕೋರ್‌ಬುಕ್

ಮಾತು ಶುರು ಮಾಡುವ ಮೊದಲೇ ಒಂದು ಸಂಗತಿ ಸ್ಪಷ್ಟ ಮಾಡಿಬಿಡಿ. ಇದು ಬೆಳಗಾವಿ ಕ್ಯಾಂಪಿನ ಮೈದಾನಗಳಲ್ಲಿ ಸಂಜೆ ಆಡುವ ಫುಟ್‌ಬಾಲ್ ಅಲ್ಲ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಕಡೆಗೆ 25 ಮಂದಿಯಂತೆ ಆಡಿದ ಮೊದಲ ಪಂದ್ಯವೇನೋ ನಮ್ಮ ಫುಟ್‌ಬಾಲಿಗೇ ಹತ್ತಿರವಿತ್ತು. ರಟ್ಗರ್ಸ್ 6–4ರಿಂದ ಗೆದ್ದಿತು. ಆಮೇಲೆ ಆಟ ರಗ್ಬಿಯ ಕಡೆ ವಾಲಿತು. 1880ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಒತ್ತಾಯದಿಂದ ತಂಡಕ್ಕೆ 11 ಮಂದಿ ಎಂದಾಯಿತು, ಚೆಂಡು ಯಾರ ವಶದಲ್ಲಿದೆಯೋ ಅವರೇ ಆಟ ಶುರು ಮಾಡುವ ಸ್ಕ್ರಿಮೇಜ್ ಬಂತು. 1882ರಲ್ಲಿ ಮೂರು ಡೌನ್‌ನಲ್ಲಿ (ಡೌನ್ ಅಂದರೆ ಚೆಂಡು ಮುಂದೊಯ್ಯುವ ಒಂದು ಪ್ರಯತ್ನ, ಹಿಡಿದವನನ್ನು ತಡೆದರೆ ಅದು ಮುಗಿಯಿತು) ಐದು ಗಜ ಮುಂದೆ ಹೋಗಬೇಕೆಂಬ ನಿಯಮ. ಆ ಐದೈದು ಗಜ ಅಳೆಯಲು ಎಳೆದ ಗೆರೆಗಳಿಂದಲೇ ಮೈದಾನಕ್ಕೆ ‘ಗ್ರಿಡೈರನ್’ (ಕಬ್ಬಿಣದ ಜಾಲರಿ) ಎಂಬ ಹೆಸರು.

ಈಗ ಸ್ಟ್ಯಾಗ್. ಹುಟ್ಟಿದ್ದು 1862ರ ಆಗಸ್ಟ್ 16, ನ್ಯೂಜೆರ್ಸಿಯ ವೆಸ್ಟ್ ಆರೆಂಜ್. ಯೇಲ್‌ಗೆ ಹೋದದ್ದು ಪಾದ್ರಿಯಾಗುವ ಆಸೆಯಿಂದ, ಧರ್ಮಶಾಸ್ತ್ರ ಓದಲು. ಅಲ್ಲಿ ಮೊದಲು ಹೆಸರು ಮಾಡಿದ್ದು ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವ) ಆಗಿ. ವೃತ್ತಿಪರ ಬೇಸ್‌ಬಾಲ್ ತಂಡಗಳು ಕರೆದರೂ ಹೋಗಲಿಲ್ಲ. ಫುಟ್‌ಬಾಲಿನಲ್ಲಿ ಅವರ ಜಾಗ ‘ಎಂಡ್’, ಅಂದರೆ ಸಾಲಿನ ತುದಿ. ಚೆಂಡು ಹಿಡಿದವನು ಸಾಲನ್ನು ಸುತ್ತುಹಾಕಿ ಹೊರಗಿನಿಂದ ನುಗ್ಗಿದರೆ ಅಡ್ಡ ನಿಲ್ಲುವವನು ಎಂಡ್. ಸ್ಟ್ಯಾಗ್ ಎತ್ತರದ ಆಳಲ್ಲ, ಗಿಡ್ಡನೆಯ ಗಟ್ಟಿ ಮೈ. ಆ ಜಾಗಕ್ಕೆ ಬೇಕಾದದ್ದೂ ಎತ್ತರಕ್ಕಿಂತ ಕಾಲಿನ ಚುರುಕೇ. 1888ರ ಯೇಲ್ ತಂಡ 13 ಪಂದ್ಯ ಆಡಿ ಹದಿಮೂರನ್ನೂ ಗೆದ್ದಿತು. ಒಟ್ಟು ಅಂಕ 698, ಎದುರಾಳಿಗಳದ್ದು ಸೊನ್ನೆ. ಆ ತಂಡದಲ್ಲಿ ಸ್ಟ್ಯಾಗ್ ಇದ್ದರು. 1889ರಲ್ಲಿ ಮೊಟ್ಟಮೊದಲ ಆಲ್-ಅಮೆರಿಕ ಪಟ್ಟಿ (ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿ) ಬಂದಾಗ ಅದರಲ್ಲೂ ಇದ್ದರು.

ನಿಮ್ಮ ಇಸವಿ ತಾಳೆ ಆಗದಿರುವುದು ಬಹುಶಃ ಇಲ್ಲೇ. ಅವರು ಪದವಿ ಪಡೆದದ್ದು 1888ರಲ್ಲಿ, ಆಡಿದ್ದು 1889ರವರೆಗೆ. ಪದವಿ ಮುಗಿಸಿದವರು ಮುಂದಿನ ಓದಿಗೆ ಅಲ್ಲೇ ಉಳಿದರೆ ಆಗ ಆಡಬಹುದಿತ್ತು. ಇವತ್ತಿನ ಅಂತರ್ ವಿಶ್ವವಿದ್ಯಾಲಯ ಕ್ರೀಡಾಕೂಟದ ಅರ್ಹತಾ ನಿಯಮ ತಲೆಯಲ್ಲಿಟ್ಟುಕೊಂಡು ಓದಿದರೆ ಅದು ತಪ್ಪು ಅನಿಸುತ್ತದೆ. ತಪ್ಪಲ್ಲ.

ಮುಂದಿನದು ಮೂರು ಊರುಗಳ ಕಥೆ. 1890 ಮತ್ತು 1891, ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆ. 1892ರಿಂದ 1932, ಶಿಕಾಗೊ ವಿಶ್ವವಿದ್ಯಾಲಯ. 1933ರಿಂದ 1946, ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದ ಪೆಸಿಫಿಕ್. ಋತುಗಳ ಲೆಕ್ಕ 2, 41, 14. ಒಟ್ಟು 57. ಕಳೆಯುವಾಗ ಕೊನೆಯ ವರ್ಷ ಬಿಟ್ಟುಬಿಟ್ಟು ಶಿಕಾಗೊಗೆ 40 ಎಂದು ಬರೆಯುವವರು ಬಹಳ. 1892 ಮತ್ತು 1932 ಎರಡನ್ನೂ ಎಣಿಸಬೇಕು.

ಆಮೇಲೂ ಕೂತವರಲ್ಲ. 1947ರಿಂದ 1952ರವರೆಗೆ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾದಲ್ಲಿ ಮಗನ ತಂಡಕ್ಕೆ ಜತೆಯಾಗಿ ತರಬೇತಿ ಕೊಟ್ಟರು. 1951ರಲ್ಲಿ ಕಾಲೇಜು ಫುಟ್‌ಬಾಲಿನ ಗೌರವ ಪಟ್ಟಿಗೆ ಆಟಗಾರ, ಕೋಚ್ ಎರಡೂ ಆಗಿ ಸೇರಿದರು. 1959ರಲ್ಲಿ ಬಾಸ್ಕೆಟ್‌ಬಾಲ್ ಗೌರವ ಪಟ್ಟಿಯ ಮೊದಲ ತಂಡದಲ್ಲೂ ಅವರ ಹೆಸರಿತ್ತು. ತೀರಿಕೊಂಡದ್ದು 1965ರ ಮಾರ್ಚ್ 17, ಸ್ಟಾಕ್‌ಟನ್‌ನಲ್ಲಿ, 102ನೇ ವಯಸ್ಸಿಗೆ.

ತಾಳೆಪಟ್ಟಿ_ಬೆಳಗಾವಿ

ಗೆಲುವಿನ ಲೆಕ್ಕ ನಾನು ಹೇಳುತ್ತೇನೆ. ಹೆಚ್ಚು ಬಳಕೆಯಲ್ಲಿರುವ ಅಂಕಿ 314 ಗೆಲುವು, 199 ಸೋಲು, 35 ಸಮ. ಇದನ್ನು ಒಡೆದು ನೋಡಿದರೆ ಪರೀಕ್ಷೆ ಮಾಡಬಹುದು:

ಸ್ಪ್ರಿಂಗ್‌ಫೀಲ್ಡ್: 10 – 11 – 1
ಶಿಕಾಗೊ: 244 – 111 – 27
ಪೆಸಿಫಿಕ್: 60 – 77 – 7

ಮೂರನ್ನೂ ಕೂಡಿಸಿ, ಸರಿಯಾಗಿ ಕೂಡುತ್ತದೆ. ಯಾವುದಾದರೂ ಮೂಲದಲ್ಲಿ ಶಿಕಾಗೊ ಅಂಕಿ ಒಂದೆರಡು ಹೆಚ್ಚು ಕಡಿಮೆ ಇದ್ದರೆ ಗಾಬರಿಯಾಗಬೇಡಿ. 1892ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಆಗಷ್ಟೇ ಬಾಗಿಲು ತೆರೆದಿತ್ತು. ಆಡಲು ಎದುರಾಳಿ ಬೇಕಲ್ಲ? ಹೈಸ್ಕೂಲ್ ತಂಡಗಳೊಂದಿಗೂ ಆಡಿದರು. ಆಟಗಾರರು ಸಾಲದೆ ಕೋಚ್ ಸ್ಟ್ಯಾಗ್ ತಾವೇ ತಂಡದಲ್ಲಿ ಇಳಿದರು. ಅಂಥ ಪಂದ್ಯಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬಲ್ಲಿ ಪಟ್ಟಿ ಮಾಡುವವರು ಬೇರೆ ಬೇರೆಯಾಗುತ್ತಾರೆ. ಅದೇ ಕಾಲದ ಇನ್ನೊಬ್ಬ ಕೋಚ್ ಪಾಪ್ ವಾರ್ನರ್ ಅವರ ಗೆಲುವುಗಳ ಲೆಕ್ಕವೂ ಹೀಗೇ 313, 319 ಎಂದು ಓಲಾಡುತ್ತದೆ.

ನೀವು ಮಾಡಬೇಕಾದದ್ದು ಇಷ್ಟು: ಒಂದೇ ಮೂಲದ ಮೂರು ಸಾಲನ್ನೂ ತೆಗೆದುಕೊಳ್ಳಿ. ಒಟ್ಟು ಒಂದು ಕಡೆಯಿಂದ, ಶಿಕಾಗೊ ಇನ್ನೊಂದು ಕಡೆಯಿಂದ ತಂದರೆ ಕೂಡಿಸಿದಾಗ ಸಿಕ್ಕಿಬೀಳುತ್ತೀರಿ. ಪ್ರಶ್ನೆ ಕೇಳುವವರು ಕೂಡಿಸಿ ನೋಡುವುದೇ ಅಲ್ಲಿ. 314ನ್ನು ಅಲಬಾಮಾದ ಕೋಚ್ ಬೇರ್ ಬ್ರಯಂಟ್ ದಾಟಿದ್ದು 1981ರ ನವೆಂಬರ್ 28ರಂದು, ಆಬರ್ನ್ ವಿರುದ್ಧ 315ನೇ ಗೆಲುವಿನಿಂದ.

ಇನ್ನೊಂದು. ಪೆಸಿಫಿಕ್ ಸಾಲು ನೋಡಿ, ಗೆಲುವಿಗಿಂತ ಸೋಲು ಹೆಚ್ಚು. ಆದರೂ 1943ರಲ್ಲಿ ವರ್ಷದ ಕೋಚ್ ಎಂದು ಆರಿಸಿದ್ದು ಅಲ್ಲಿದ್ದಾಗಲೇ, 81ನೇ ವಯಸ್ಸಿನಲ್ಲಿ. ಬರೀ ಗೆಲುವಿನ ಅಂಕಿ ಹಿಡಿದು ಈ ಮನುಷ್ಯನನ್ನು ಅಳೆಯಬೇಡಿ.

ಪಾಠಟಿಪ್ಪಣಿ

ಎರಡನೇ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಸೆಮಿನಾರಿನ ಜೀವ ಇರುವುದು ಅಲ್ಲೇ.

1880ರ ದಶಕದಲ್ಲಿ ಕೋಚ್ ಎಂಬ ನೌಕರಿ ಕಾಲೇಜಿನಲ್ಲಿ ಇರಲಿಲ್ಲ. ತಂಡ ನಡೆಸುತ್ತಿದ್ದವನು ಕ್ಯಾಪ್ಟನ್. ಹಳೆಯ ವಿದ್ಯಾರ್ಥಿಗಳು ಋತು ಬಂದಾಗ ಬಂದು ಪುಕ್ಕಟೆ ಹೇಳಿಕೊಟ್ಟು ಹೋಗುತ್ತಿದ್ದರು. ಯೇಲ್‌ಗೆ ಬುದ್ಧಿ ಹೇಳುತ್ತಿದ್ದ ವಾಲ್ಟರ್ ಕ್ಯಾಂಪ್ ಹೊಟ್ಟೆಪಾಡಿಗೆ ಇದ್ದದ್ದು ನ್ಯೂ ಹೇವನ್‌ನ ಗಡಿಯಾರ ಕಂಪನಿಯಲ್ಲಿ. ಹಗಲು ಅಭ್ಯಾಸಕ್ಕೆ ಅವರಿಗೆ ಬರಲಾಗದಿದ್ದಾಗ ಹೆಂಡತಿ ಆಲಿಸ್ ಮೈದಾನಕ್ಕೆ ಹೋಗಿ ನೋಡಿಕೊಂಡು ಬಂದು ಹೇಳುತ್ತಿದ್ದರು.

ಶಿಕಾಗೊದಲ್ಲಿ ಆದದ್ದು ಬೇರೆ. ಅಲ್ಲಿಯ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಹಿಂದೆ ಯೇಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು, ಸ್ಟ್ಯಾಗ್‌ರನ್ನು ಬಲ್ಲವರು. ಹೊಸ ವಿಶ್ವವಿದ್ಯಾಲಯಕ್ಕೆ ಕರೆದು ಅವರಿಗೆ ಕೊಟ್ಟದ್ದು ಬರೀ ತಂಡವನ್ನಲ್ಲ, ಅಧ್ಯಾಪಕ ಹುದ್ದೆಯನ್ನು. ದೈಹಿಕ ಶಿಕ್ಷಣ ವಿಭಾಗದ ನಿರ್ದೇಶಕ, ಸಹ ಪ್ರಾಧ್ಯಾಪಕ ದರ್ಜೆ. ಒಂದು ಋತು ಸೋತರೆ ಮನೆಗೆ ಕಳಿಸುವ ಕೆಲಸ ಅದಲ್ಲ. ಇವತ್ತು ನಮ್ಮ ಕಾಲೇಜುಗಳಲ್ಲಿ ‘ದೈಹಿಕ ಶಿಕ್ಷಣ ನಿರ್ದೇಶಕರು’ ಎಂಬ ಫಲಕ ನೋಡುತ್ತೀರಲ್ಲ, ಆಟ ಕಲಿಸುವವನೂ ಅಧ್ಯಾಪಕನೇ ಎಂಬ ಆ ಆಲೋಚನೆಗೆ ಗಟ್ಟಿ ಮಾದರಿ ಸಿಕ್ಕಿದ್ದು ಹೀಗೆ. ನನ್ನ ಮಟ್ಟಿಗೆ ಸ್ಟ್ಯಾಗ್ ಮುಖ್ಯವಾಗುವುದು 314ರಿಂದ ಅಲ್ಲ, ಈ ನೇಮಕಾತಿಯಿಂದ.

ಹೋಲಿಕೆಗೆ ಅದೇ ಪೀಳಿಗೆಯ ಜಾನ್ ಹೈಸ್ಮನ್ ಅವರನ್ನು ಪಕ್ಕಕ್ಕಿಡಿ. ಬ್ರೌನ್, ಪೆನ್ಸಿಲ್ವೇನಿಯಾ ಎರಡು ಕಡೆ ಆಡಿ ಕಾನೂನು ಪದವಿ ಪಡೆದು, 1892ರಲ್ಲೇ ಓಬರ್ಲಿನ್‌ನಲ್ಲಿ ಕೋಚ್ ಆದರು. ಆಮೇಲೆ ಆಬರ್ನ್, ಕ್ಲೆಮ್ಸನ್, ಜಾರ್ಜಿಯಾ ಟೆಕ್ ಎಂದು ಊರಿಂದೂರಿಗೆ. ಇಬ್ಬರೂ ಒಂದೇ ವರ್ಷ ಹೊಸ ತಂಡ ಹಿಡಿದವರು. ಒಬ್ಬರು 41 ಋತು ಒಂದೇ ಕಡೆ ನಿಂತರು, ಇನ್ನೊಬ್ಬರು ಗಂಟುಮೂಟೆ ಹೊತ್ತು ತಿರುಗಿದರು. ವ್ಯತ್ಯಾಸ ಸಾಮರ್ಥ್ಯದ್ದಲ್ಲ, ಹುದ್ದೆಯದ್ದು.

ಆ ಹುದ್ದೆಗೂ ಕೊನೆಯಿತ್ತು. 70ಕ್ಕೆ ನಿವೃತ್ತಿ ಎಂಬ ನಿಯಮ ಅಧ್ಯಾಪಕರಿಗೆ ಹೇಗೋ ಅವರಿಗೂ ಹಾಗೆ ಅನ್ವಯವಾಯಿತು. 1932ರ ಋತು ಶಿಕಾಗೊದಲ್ಲಿ ಕೊನೆಯದು. ಆಗಿನ ಅಧ್ಯಕ್ಷ ರಾಬರ್ಟ್ ಹಚಿನ್ಸ್‌ಗೆ ಫುಟ್‌ಬಾಲ್ ಮೇಲೆ ಒಲವಿರಲಿಲ್ಲ. 1939ರಲ್ಲಿ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ಖಾಲಿ ಬಿದ್ದ ಸ್ಟ್ಯಾಗ್ ಫೀಲ್ಡ್‌ನ ಪಶ್ಚಿಮದ ಗ್ಯಾಲರಿಯ ಕೆಳಗೇ 1942ರ ಡಿಸೆಂಬರ್ 2ರಂದು ಮನುಷ್ಯ ನಿರ್ಮಿಸಿದ ಮೊದಲ ಪರಮಾಣು ರಿಯಾಕ್ಟರ್ ನಡೆದದ್ದು.

ಎರಿನೆಲ_ವಿಜಯಪುರ

ಬಹಳ ಉಪಕಾರ ಆತ್ರಿ. ಹುದ್ದೆ ವಿಷಯ ನನಗ ಹೊಳದೇ ಇರಲಿಲ್ಲ. ಮಾತಿನ ಭಾಗ ಈಗ ನಿಂತಂಗಾತು. ಆದರ ಒಂದು ಅನುಮಾನ. ಹಡಲ್ (ಆಟದ ನಡುವ ದುಂಡಗ ನಿಂತು ಮಾತಾಡೋದು), ಅಂಗಿ ಮ್ಯಾಲಿನ ನಂಬರ್, ಟ್ಯಾಕ್ಲಿಂಗ್ ಡಮ್ಮಿ (ಹಿಡಿದು ಕೆಡವೋದನ್ನ ಅಭ್ಯಾಸ ಮಾಡೋ ಗೊಂಬಿ) ಎಲ್ಲಾ ಇವರೇ ಕಂಡುಹಿಡಿದದ್ದು ಅಂತ ಬರೀಬಹುದೇನು?

ಮೈದಾನದ ಬಗ್ಗೆ ಯಾರರ ಹೇಳ್ರಿ.

ಹಳೇ_ಸ್ಕೋರ್‌ಬುಕ್

‘ಕಂಡುಹಿಡಿದರು’ ಬೇಡ, ‘ಅವರ ಹೆಸರಿಗೆ ಹೇಳಲಾಗುತ್ತದೆ’ ಎಂದು ಬರೆಯಿರಿ. ಹಡಲ್ ವಿಷಯದಲ್ಲಿ ಗ್ಯಾಲೊಡೆಟ್ ಎಂಬ ಕಿವುಡರ ಕಾಲೇಜಿನ ಹಕ್ಕೂ ಇದೆ. ಅಲ್ಲಿಯ ಆಟಗಾರರು ಕೈಸನ್ನೆಯಲ್ಲಿ ಮಾತಾಡುವಾಗ ಎದುರಿನವರಿಗೆ ಕಾಣಬಾರದೆಂದು ದುಂಡಗೆ ನಿಲ್ಲುತ್ತಿದ್ದರು. ಟ್ಯಾಕ್ಲಿಂಗ್ ಡಮ್ಮಿಯನ್ನು ಯೇಲ್ ದಿನಗಳ ಸ್ಟ್ಯಾಗ್ ಹೆಸರಿಗೇ ಸಾಮಾನ್ಯವಾಗಿ ಹಚ್ಚುತ್ತಾರೆ.

ಬಾಸ್ಕೆಟ್‌ಬಾಲ್ ವಿಷಯದಲ್ಲೂ ಎಡವುವವರಿದ್ದಾರೆ. ಅದನ್ನು ರೂಪಿಸಿದ್ದು ಜೇಮ್ಸ್ ನೈಸ್ಮಿತ್, 1891ರ ಡಿಸೆಂಬರಿನಲ್ಲಿ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಆ ನೈಸ್ಮಿತ್ ಅಲ್ಲಿ ಸ್ಟ್ಯಾಗ್‌ರ ಫುಟ್‌ಬಾಲ್ ತಂಡದ ಸೆಂಟರ್ (ಸಾಲಿನ ನಡುವಿನ ಆಟಗಾರ) ಆಗಿದ್ದವರು. 1892ರ ಮಾರ್ಚ್ 11ರಂದು ಸಾರ್ವಜನಿಕರೆದುರು ಮೊದಲ ಪಂದ್ಯ ನಡೆಯಿತು, ಅಧ್ಯಾಪಕರು ಒಂದು ಕಡೆ, ವಿದ್ಯಾರ್ಥಿಗಳು ಇನ್ನೊಂದು ಕಡೆ. ವಿದ್ಯಾರ್ಥಿಗಳು 5–1ರಿಂದ ಗೆದ್ದರು. ಅಧ್ಯಾಪಕರ ಆ ಒಂದೇ ಬುಟ್ಟಿ ಹಾಕಿದ್ದು ಸ್ಟ್ಯಾಗ್. ಫುಟ್‌ಬಾಲಿನ ಕೈ ಅಲ್ಲವೇ, ಎದುರಿನವರನ್ನು ತಳ್ಳಿ ತಳ್ಳಿ ಫೌಲ್‌ಗಳನ್ನೂ ಮಾಡಿದರು. ಮುಂದೆ 1896ರ ಜನವರಿ 16ರಂದು ಅಯೋವಾ ಸಿಟಿಯಲ್ಲಿ ಶಿಕಾಗೊ ಮತ್ತು ಅಯೋವಾ ನಡುವೆ ಕಡೆಗೆ ಐವರಂತೆ ಕಾಲೇಜು ಪಂದ್ಯ ಆಡಿಸಿದರು, 15–12. ಐದು ಮಂದಿಯ ಆಟ ನೆಲೆಯಾಗಲು ಅದೂ ಕಾರಣ.

ನವನಗರ_ಮೈದಾನ

ತಮ್ಮಾ, ಗೆರಿ ವಿಷಯಕ್ಕ ಬಾ.

ಆ ಕಾಲದ ಮೈದಾನ 330 ಅಡಿ ಉದ್ದ, 160 ಅಡಿ ಅಗಲ. 1912ರಾಗ ಉದ್ದ 300 ಅಡಿಗೆ ಇಳಿಸಿ, ಎರಡೂ ತುದಿಗೆ 30 ಅಡಿಯ ಎಂಡ್ ಝೋನ್ (ಗೋಲ್ ಗೆರಿ ಹಿಂದಿನ ಜಾಗ) ಇಟ್ಟರು. ಪೂರ್ತಿ ಮೈದಾನ ಹಾಕಾಕ ಹೋಗಬ್ಯಾಡ. 20 ನಿಮಿಷಕ್ಕ 90 ಅಡಿ ಉದ್ದ, 80 ಅಡಿ ಅಗಲದ ಒಂದು ತುಂಡು ಸಾಕು. ಅಡ್ಡ ಗೆರಿ 15 ಅಡಿಗೊಂದು, ಅಂದ್ರ ಐದು ಗಜಕ್ಕೊಂದು. ಎರಡೂ ತುದಿ ಹಿಡಿದು ಒಟ್ಟು ಏಳು ಗೆರಿ. ಆರು ಅಂತ ಎಣಿಸಿ ಕಡೀ ಗೆರಿ ಬಿಡೋದು ಎಲ್ಲಾರೂ ಮಾಡೋ ತಪ್ಪು. ಅಂತರ ಆರು, ಗೆರಿ ಏಳು.

ಮೂಲಿ ಚೌಕ ಆಗಬೇಕಂದ್ರ ಮೂರು-ನಾಲ್ಕು-ಐದರ ಲೆಕ್ಕ. ಮೂಲಿಗೊಂದು ಗೂಟ ಬಡಿ. ಉದ್ದಕ್ಕ 20 ಅಡಿ, ಅಗಲಕ್ಕ 15 ಅಡಿ ಗುರುತು ಮಾಡು. ಎರಡೂ ಗುರುತಿನ ನಡುವ ಬರೋಬ್ಬರಿ 25 ಅಡಿ ಬರಬೇಕು. ನಾಲ್ಕೂ ಗೂಟ ಬಡಿದ ಮ್ಯಾಲ ಮೂಲಿಯಿಂದ ಎದುರು ಮೂಲಿಗೆ ಅಳಿ: 120 ಅಡಿ 5 ಇಂಚು. ಎರಡೂ ಕರ್ಣ ಒಂದೇ ಬಂದ್ರ ಚೌಕ ಐತಿ. ಒಂದು ಹೆಚ್ಚು ಒಂದು ಕಡಿಮಿ ಬಂದ್ರ ಗೂಟ ಸರಿಸು, ಗೆರಿ ಹಾಕಿ ಆಮ್ಯಾಲ ನೋಡೋಣು ಅನಬ್ಯಾಡ. ಬಟ್ಟಿ ಟೇಪ್ ಎಳದಂಗ ಹಿಗ್ಗತೈತಿ. 30 ಮೀಟರಿನ ಫೈಬರ್ ಟೇಪ್ ತಗೋ. ಕರ್ಣ ಅದಕ್ಕಿಂತ ಉದ್ದ ಇರೋದರಿಂದ ನಡುವ ಒಂದು ಗೂಟ ಬಡಿದು ಎರಡು ಸಲ ಅಳೀಬೇಕು. ಆ ನಡುವಿನ ಗೂಟ ಎರಡೂ ಮೂಲಿ ಹುರಿಯ ನೇರಕ್ಕ ಇರಲಿ.

ಎರಿ ನೆಲದ್ದು ಬ್ಯಾರೇನ ಸ್ವಭಾವ. ಬ್ಯಾಸಗಿಯಾಗ ಬಿರುಕು ಬಿಡತೈತಿ, ಪುಡಿ ಬಿರುಕಿನಾಗ ಇಳೀತೈತಿ, ಗೆರಿ ಕಾಣಂಗಿಲ್ಲ. ಬಿರುಕಿನಾಗ ಪಾದ ಸಿಕ್ಕರ ಕೀಲು ಉಳಕತೈತಿ, ಅದು ಇನ್ನೂ ದೊಡ್ಡ ತ್ರಾಸ. ಹಿಂದಿನ ದಿನ ಮುಂಜಾನೆ ಬಿರುಕಿಗೆ ಅದೇ ಎರಿ ಮಣ್ಣಿನ ಪುಡಿ ತುಂಬಿ ತುಳಿ, ಸಂಜಿಗೆ ಹಗೂರಕ ನೀರು ಚಿಮುಕಿಸು. ಅವತ್ತಿನ ದಿನ ನೀರು ಹಾಕಿದ್ಯೋ, ಬೂಟಿನ ತಳಕ್ಕ ಮಣ್ಣು ಮೆತ್ತಿ ಒಬ್ಬರೂ ಓಡಾಕ ಆಗಂಗಿಲ್ಲ. ಉಸುಕು ತುಂಬಬ್ಯಾಡ, ಮ್ಯಾಲ ಉಸುಕು ಉಳಿದ್ರ ತಿರುಗುವಾಗ ಜಾರತಾರ.

ಪುಡಿ ಅಂದ್ರ ಸುಟ್ಟ ಸುಣ್ಣ ಅಲ್ಲ. ಅದು ಬೆವರಿನ ಮೈಗೆ, ಕಣ್ಣಿಗೆ ಬಿದ್ದರ ಸುಡತೈತಿ. ಮೈದಾನಕ್ಕ ಹಾಕೋ ಚಾಕ್ ಪುಡಿ ಕೇಳಿ ತಗೋ. ನಿನ್ನ ಗೆರಿ ಒಟ್ಟು ಉದ್ದ 740 ಅಡಿ, ಎರಡು ಇಂಚು ದಪ್ಪಕ್ಕ 25 ಕೆಜಿ ಚೀಲ ಒಂದು ಸಾಕು, ಗಾಳಿ ಇದ್ದರ ಇನ್ನೊಂದು ಅರ್ಧ ಇಟ್ಟುಕೋ. ಮೊದಲು ಹುರಿ ಬಿಗಿ, ಹುರಿ ಮ್ಯಾಲ ಅಲ್ಲ, ಹುರಿ ಪಕ್ಕದಾಗ ಹಾಕು. ಮಧ್ಯಾಹ್ನದ ಗಾಳಿಗಿಂತ ಮುಂಜಾನೆ ಏಳರೊಳಗ ಹಾಕಿ ಮುಗಿಸು.

ಎರಿನೆಲ_ವಿಜಯಪುರ

ಅಣ್ಣಾರ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. (ತಮ್ಮಾ ಅಲ್ಲರಿ, ತಂಗಿ.) ಕರ್ಣದ ಲೆಕ್ಕ ಬರಕೊಂಡೆ. ಆಟ ಏನು ಆಡಸಲಿ?

ಡೌನ್_ಎಣಿಕೆ

14 ಮಂದಿ ಎಂದಿರಿ. ಏಳೇಳು ಮಾಡಬೇಡಿ. ಆರಾರು ಆಡಲಿ, ಒಬ್ಬರು ಡೌನ್ ಎಣಿಸಲಿ, ಒಬ್ಬರು ಅಳತೆ ಕೋಲು ಹಿಡಿಯಲಿ. ಎಣಿಸುವವರಿಲ್ಲದಿದ್ದರೆ ನೋಡುವವರಿಗೆ ಏನಾಗುತ್ತಿದೆ ಎಂದೇ ತಿಳಿಯುವುದಿಲ್ಲ.

ಟ್ಯಾಕಲ್ ಇಲ್ಲವೇ ಇಲ್ಲ. ಸೊಂಟದ ಎರಡೂ ಬದಿ ಬಟ್ಟೆಪಟ್ಟಿ, ಅದನ್ನು ಕಿತ್ತರೆ ಡೌನ್. ಪಟ್ಟಿ 40 ಸೆಂ.ಮೀ ಉದ್ದ, 5 ಸೆಂ.ಮೀ ಅಗಲ. 90 ಸೆಂ.ಮೀ ಪನ್ನಾದ ಬಟ್ಟೆ ಅರ್ಧರ್ಧ ಮೀಟರ್ ಎರಡು ಬಣ್ಣದಲ್ಲಿ ತಂದರೆ ಬಣ್ಣಕ್ಕೆ 20 ಪಟ್ಟಿ ಬರುತ್ತವೆ, ಬೇಕಾದದ್ದು 12. ಸೊಂಟಕ್ಕೆ ಸಿಕ್ಕಿಸಿ, ಗಂಟು ಹಾಕಬೇಡಿ. ಗಂಟು ಹಾಕಿದ ಪಟ್ಟಿ ಎಳೆದರೆ ಪಟ್ಟಿ ಬರುವುದಿಲ್ಲ, ಆಟಗಾರ್ತಿ ಬೀಳುತ್ತಾಳೆ.

ಕಬಡ್ಡಿಯವರಿಗೆ ಬೇರೆಯಾಗಿ ಕೂರಿಸಿ ಹೇಳಿ. ಅವರ ಕೈ ತಾನಾಗಿಯೇ ಹಿಮ್ಮಡಿಗೆ ಹೋಗುತ್ತದೆ. ನಿಂತ ರೈಡರ್‌ನ ಹಿಮ್ಮಡಿ ಹಿಡಿಯುವುದು ಬೇರೆ, ವೇಗವಾಗಿ ಓಡುವವಳ ಹಿಮ್ಮಡಿ ಹಿಡಿಯುವುದು ಬೇರೆ, ಮುಖ ಅಡಿಯಾಗಿ ಬೀಳುತ್ತಾಳೆ. ಹತ್ತು ನಿಮಿಷ ಬರೀ ಪಟ್ಟಿ ಕೀಳುವ ಅಭ್ಯಾಸ ಮಾಡಿಸಿ ಆಮೇಲೆ ಆಟಕ್ಕಿಳಿಸಿ.

ರಗ್ಬಿ ಚೆಂಡು ಇದೆ ಎಂದು ಬೇಜಾರು ಬೇಡ. ಆಗಿನ ಚೆಂಡು ಈಗಿನ ಅಮೆರಿಕನ್ ಚೆಂಡಿನಂತೆ ಚೂಪಾಗಿರಲಿಲ್ಲ, ಹೊಟ್ಟೆ ದಪ್ಪ, ಒದೆಯಲೆಂದೇ ಮಾಡಿದ್ದು. ಕೈಯಲ್ಲಿ ಹಿಡಿದು ಎಸೆಯುವುದು ಎಷ್ಟು ಕಷ್ಟವಿತ್ತು ಎಂಬುದು ರಗ್ಬಿ ಚೆಂಡಿನಿಂದಲೇ ಚೆನ್ನಾಗಿ ಗೊತ್ತಾಗುತ್ತದೆ.

ಮೂರು ಸುತ್ತು ತೋರಿಸಿ, ಒಂದೊಂದು ನಾಲ್ಕು ನಿಮಿಷ.

ಮೊದಲ ಸುತ್ತು 1882ರ ನಿಯಮ. ಮೂರು ಡೌನ್, ಐದು ಗಜ, ಮುಂದಕ್ಕೆ ಎಸೆತವಿಲ್ಲ. ಆರೂ ಮಂದಿ ಚೆಂಡು ಹಿಡಿದವಳ ಸುತ್ತ ಮುತ್ತಿಕೊಂಡು ಒತ್ತುವುದು ತಾನಾಗಿಯೇ ಕಾಣುತ್ತದೆ. ಐದೇ ಗಜ ಬೇಕಾದಾಗ ಯಾರು ತಾನೆ ದೂರ ಓಡುತ್ತಾರೆ? ಗುಂಪಾಗಿ ನುಗ್ಗುವುದೇ ಲಾಭ. 1892ರಲ್ಲಿ ಹಾರ್ವರ್ಡ್ ಯೇಲ್ ವಿರುದ್ಧ ತಂದ ‘ಹಾರುವ ಬೆಣೆ’ ಇದರ ತುತ್ತತುದಿ: ಆಟಗಾರರು ‘ವಿ’ ಆಕಾರದಲ್ಲಿ ಓಡಿಬಂದು ಒಬ್ಬನ ಮೇಲೆ ಬೀಳುವುದು. 1894ರಲ್ಲಿ ಅದನ್ನು ನಿಷೇಧಿಸಿದರು. ನೀವು ಬೆಣೆಯನ್ನು ನಡೆದು ತೋರಿಸಿ, ಓಡಿ ಬೇಡ.

ಎರಡನೆಯದು 1906. ಆ ಬದಲಾವಣೆಗೆ ಕಾರಣ ಸಾವುಗಳು. 1905ರ ಋತುವಿನಲ್ಲಿ ಆಟಗಾರರು ಸಾಯುತ್ತಿದ್ದಾಗ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅಕ್ಟೋಬರ್ 9ರಂದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. ಮರುವರ್ಷದ ನಿಯಮ: ಮೂರು ಡೌನ್‌ನಲ್ಲಿ ಹತ್ತು ಗಜ, ಎರಡು ಸಾಲುಗಳ ನಡುವೆ ಚೆಂಡಿನ ಉದ್ದದಷ್ಟು ಖಾಲಿ ಜಾಗ, ಮುಂದಕ್ಕೆ ಎಸೆತಕ್ಕೆ ಅನುಮತಿ. ಆದರೆ ಎಸೆದ ಚೆಂಡು ಯಾರಿಗೂ ತಾಗದೆ ನೆಲ ಮುಟ್ಟಿದರೆ ಎದುರು ತಂಡದ ಪಾಲು. ಇದನ್ನು ಕಡ್ಡಾಯವಾಗಿ ಆಡಿಸಿ. ಎರಡು ಸಲ ಚೆಂಡು ಕಳೆದುಕೊಂಡ ಮೇಲೆ ನಿಮ್ಮ ಆಟಗಾರ್ತಿಯರೇ ಎಸೆಯಲು ಹೆದರುತ್ತಾರೆ. ಹೊಸ ಅಸ್ತ್ರ ಸಿಕ್ಕರೂ ಹೆಚ್ಚಿನ ಕೋಚ್‌ಗಳು ಯಾಕೆ ಹಿಂಜರಿದರು ಎಂಬುದನ್ನು ಬಾಯಲ್ಲಿ ವಿವರಿಸಬೇಕಾಗಿಲ್ಲ. ಸ್ಟ್ಯಾಗ್ ಅದನ್ನು ಮೊದಮೊದಲೇ ಕೈಗೆತ್ತಿಕೊಂಡವರಲ್ಲಿ ಒಬ್ಬರು.

ಮೂರನೆಯದು 1912. ನಾಲ್ಕು ಡೌನ್, ಹತ್ತು ಗಜ, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದಕ್ಕೆ) ಆರು ಅಂಕ. ಆಟ ಬಿಡಿಸಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ.

ಅಳತೆಗೆ 30 ಅಡಿ ತಂತಿಯ ಎರಡೂ ತುದಿಗೆ ಕೋಲು ಕಟ್ಟಿ. ನೈಲಾನ್ ಹಗ್ಗ ಹಿಗ್ಗುತ್ತದೆ, ಪ್ರತಿ ಸಲ ಹತ್ತು ಗಜ ಬೇರೆ ಬೇರೆ ಬರುತ್ತದೆ.

ಉಳಿದ ಎಂಟು ನಿಮಿಷದಲ್ಲಿ ಒಂದೇ ದೃಶ್ಯ ತೋರಿಸಿ: 1905ರ ನವೆಂಬರ್ 30, ಶಿಕಾಗೊ–ಮಿಶಿಗನ್. ಮಿಶಿಗನ್ 56 ಪಂದ್ಯಗಳಿಂದ ಸೋಲು ಕಂಡಿರಲಿಲ್ಲ. ಅವರ ಕೋಚ್ ಫೀಲ್ಡಿಂಗ್ ಯೋಸ್ಟ್. ಶಿಕಾಗೊದ ವಾಲ್ಟರ್ ಎಕರ್ಸಾಲ್ ಚೆಂಡನ್ನು ಎತ್ತಿ ಒದ್ದರು. ಮಿಶಿಗನ್ ಆಟಗಾರ ಡೆನ್ನಿ ಕ್ಲಾರ್ಕ್ ಅದನ್ನು ತನ್ನ ಗೋಲ್ ಗೆರೆಯ ಹಿಂದೆ ಹಿಡಿದರು. ಅಲ್ಲೇ ನೆಲಕ್ಕಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಹೊರಗೆ ಓಡಿಬಂದರು, ಶಿಕಾಗೊದವರು ಮತ್ತೆ ಗೆರೆಯ ಹಿಂದಕ್ಕೆ ತಳ್ಳಿದರು. ಅದು ಸೇಫ್ಟಿ, ಎರಡು ಅಂಕ. ಪಂದ್ಯ 2–0. ಇದಕ್ಕೆ ನಾಲ್ಕೇ ಮಂದಿ ಸಾಕು, ನಿಮ್ಮ ತುದಿಯ ಗೆರೆಯೇ ಗೋಲ್ ಗೆರೆ.

ನವನಗರ_ಮೈದಾನ

ತಂಗೀ, ಡಮ್ಮಿ ತೋರಿಸೋ ಮನಸಿದ್ದರ: ಎರಡು ಹಳೀ ಹತ್ತಿ ಗಾದಿ ಒಟ್ಟಿಗೆ ಸುತ್ತಿ, ನಾಲ್ಕು ಕಡೆ ಹಗ್ಗ ಬಿಗಿದು, ಮ್ಯಾಲ ಗೋಣಿ ತಟ್ಟು ಹೊಲಿ. ಉಸುಕು ತುಂಬಿದ್ರ ತಳಕ್ಕ ಇಳದು ಕಲ್ಲಾಗತೈತಿ, ಭುಜ ಹೋಗತೈತಿ. ಕಟ್ಟಿಗಿ ಹೊಟ್ಟು ತುಂಬಿದ್ರ ತಂಪು ಹೀರಿ ಭಾರ ಆಗತೈತಿ. ತೊಡಿಗಾತ್ರದ ಬೇವಿನ ಟೊಂಗಿಗೆ, ನೆಲದಿಂದ ಒಂದು ಅಡಿ ಮ್ಯಾಲ ತೂಗಬಿಡು. ಗೋಲ್ ಪೋಸ್ಟಿಗೆ ಮಾತ್ರ ಕಟ್ಟಬ್ಯಾಡ. ನೆಲದಾಗ ಹೂಳದ ಪೋಸ್ಟ್ ಮುಂದಕ್ಕ ಮಗಚತಾವ, ಅದರಿಂದ ಜೀವ ಹೋಗೋ ಪ್ರಸಂಗ ಐತಿ.

ಹೊಡೆಯೋದು ಭುಜದಿಂದ, ತಲಿ ಪಕ್ಕಕ್ಕ, ಕಣ್ಣು ಮ್ಯಾಲ. ತಲಿ ಬಗ್ಗಿಸಿ ನುಗ್ಗಿದ್ರ ಕುತ್ತಿಗಿಗೆ ಪೆಟ್ಟು. ಇಬ್ಬರಿಂದ ನಡಿಗಿ ವೇಗದಾಗ ಎರಡೆರಡು ಸಲ ತೋರಿಸಿದ್ರ ಸಾಕು.

ಪಾಠಟಿಪ್ಪಣಿ

ನಾಲ್ಕನೇ ಪ್ರಶ್ನೆ ಉಳಿದಿತ್ತು. ಭಾರತದ ಸಂಬಂಧ ಸ್ಟ್ಯಾಗ್ ಮೂಲಕ ನೇರವಾಗಿ ಇಲ್ಲ, ಸ್ಪ್ರಿಂಗ್‌ಫೀಲ್ಡ್ ಮೂಲಕ ಇದೆ. ಅದೇ ಶಾಲೆಯಲ್ಲಿ ಮುಂದೆ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ಕಟ್ಟಿದರು. ನಮ್ಮಲ್ಲಿ ದೈಹಿಕ ಶಿಕ್ಷಕರನ್ನು ತಯಾರು ಮಾಡುವ ಕೆಲಸ ಸಂಸ್ಥೆಯ ರೂಪ ಪಡೆದದ್ದು ಅಲ್ಲಿಂದ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಜತೆ ಬಕ್ ಇದ್ದರು. ಬಕ್ ಸ್ಟ್ಯಾಗ್‌ರ ಶಿಷ್ಯ ಎಂದು ಮಾತ್ರ ಬರೆಯಬೇಡಿ. ಸ್ಟ್ಯಾಗ್ 1892ರಲ್ಲೇ ಆ ಶಾಲೆ ಬಿಟ್ಟಿದ್ದರು.

ಇನ್ನೊಂದು ಎಳೆ ಸೇರಿಸಿ. ವಾಲಿಬಾಲ್ ರೂಪಿಸಿದ ವಿಲಿಯಂ ಮಾರ್ಗನ್ ಕೂಡ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಓದಿದವರು, 1895ರಲ್ಲಿ ಹೋಲಿಯೋಕ್ ವೈಎಂಸಿಎಯಲ್ಲಿ ಆ ಆಟ ತಂದರು. ಇಂಡಿ, ಜಮಖಂಡಿ ಕಡೆಯ ಹಳ್ಳಿಯಲ್ಲಿ ಶಾಲೆ ಅಂಗಳದ ಎರಡು ಕಂಬಕ್ಕೆ ಕಟ್ಟಿದ ನೆಟ್ ಇರುತ್ತದಲ್ಲ, ಅದರ ಮೂಲವೂ ಆ ಶಾಲೆಯ ಸುತ್ತಲೇ. ಕೊನೆಯ ಸ್ಲೈಡಿಗೆ ಮೂರು ಹೆಸರು ಒಂದೇ ಸಾಲಿನಲ್ಲಿ ಹಾಕಿ: ಸ್ಟ್ಯಾಗ್ 1890, ನೈಸ್ಮಿತ್ 1891, ಬಕ್ 1920.

ಎರಿನೆಲ_ವಿಜಯಪುರ

ಎಲ್ಲಾ ಬರಕೊಂಡೀನ್ರಿ. ಒಂದೇ ಕೇಳೋದು: ಮೂರು ಸುತ್ತಿನ ನಡುವ ನಿಯಮ ಬದಲಾಗೋದನ್ನ ನೋಡೋರಿಗೆ ಹೆಂಗ ತಿಳಿಸಲಿ? ಮೈಕ್ ಇಲ್ಲ.

ಡೌನ್_ಎಣಿಕೆ

ಮೂರು ರಟ್ಟು ಮಾಡಿ, ಒಂದೊಂದು ಎರಡು ಅಡಿಗೆ ಎರಡು ಅಡಿ. ‘1882: 3 ಡೌನ್, 5 ಗಜ’, ‘1906: 3 ಡೌನ್, 10 ಗಜ, ಎಸೆತ ಉಂಟು’, ‘1912: 4 ಡೌನ್, 10 ಗಜ’. ಅಕ್ಷರ ನಾಲ್ಕು ಇಂಚಿಗಿಂತ ಸಣ್ಣದಾದರೆ 80 ಅಡಿಯಾಚೆ ಕೂತವರಿಗೆ ಓದಲಾಗುವುದಿಲ್ಲ. ಆ ರಟ್ಟಿಗೆ ನಾಲ್ಕಿಂಚಿನ ಅಕ್ಷರ ಸಾಲಿಗೆ ಐದಾರು ಮಾತ್ರ ಹಿಡಿಯುತ್ತವೆ, ಆದ್ದರಿಂದ ಇಸವಿ ಒಂದು ಸಾಲು, ಡೌನ್ ಒಂದು ಸಾಲು, ಗಜ ಒಂದು ಸಾಲು. ‘ಎಸೆತ ಉಂಟು’ ಹಿಂಬದಿಗೆ ಬರೆದು ತಿರುಗಿಸಿ ತೋರಿಸಿ. ಡೌನ್ ಎಣಿಸುವವರೇ ರಟ್ಟು ಹಿಡಿಯಲಿ.